ಹಳ್ಳಿಕಾರ್ ಎತ್ತಿನ ನಡೆ

ಹಳ್ಳಿಕಾರ್ ಎತ್ತುಗಳನ್ನು ಕುರಿತು ಜಾತ್ರೆಯ ಸ್ಮರಣಸಂಚಿಕೆಗಳಲ್ಲಾಗಲಿ, ವಾರಪತ್ರಿಕೆಗಳ ಲೇಖನಗಳಲ್ಲಾಗಲಿ ಏನನ್ನು ಓದಿದರೂ ಎರಡು ಮಾತುಗಳು ತಪ್ಪದೆ ಎದುರಾಗುತ್ತವೆ: ಈ ತಳಿಯನ್ನು ಹೈದರಾಲಿಯೂ ಟಿಪ್ಪುವೂ ನಿರ್ಮಿಸಿದರೆಂಬುದು ಒಂದು, ಈ ಎತ್ತುಗಳು ಎರಡೂವರೆ ದಿನಗಳಲ್ಲಿ 100 ಮೈಲಿ ಓಡಿದುವೆಂಬುದು ಮತ್ತೊಂದು. ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ರೈತನಿಗೆ ತನ್ನ ಮನೆಯ ಎತ್ತಿನ ಹೊಗಳಿಕೆ ಹಿತವಾಗುವುದು ಸಹಜವೇ ಆದರೂ, ಆ ಹೊಗಳಿಕೆ ಇತಿಹಾಸದ ವೇಷವನ್ನು ಧರಿಸಿ ಬಂದಾಗ ಅದನ್ನು ಪರೀಕ್ಷಿಸದೆ ಬಿಡುವುದು ಆ ಪ್ರಾಣಿಗೇ ಮಾಡುವ ಅನ್ಯಾಯವೆಂದು ನಾನು ಭಾವಿಸುತ್ತೇನೆ.

ಮೊದಲನೆಯ ಮಾತು ನಿಲ್ಲುವುದಿಲ್ಲ. ವಿಜಯನಗರದ ಪ್ರತಿನಿಧಿ ಶ್ರೀರಂಗಪಟ್ಟಣದಲ್ಲಿ ಆಳುತ್ತಿದ್ದ ಕಾಲದಲ್ಲಿಯೇ, ಎಂದರೆ ಹದಿನಾರನೆಯ ಶತಮಾನದ ಕೊನೆಯ ಭಾಗದಲ್ಲಿಯೇ, ಹಳ್ಳಿಕಾರ್ ದನಗಳ ಮಂದೆ ಅಲ್ಲಿದ್ದಿತೆಂದು ಹಳೆಯ ವರದಿಗಳು ಹೇಳುತ್ತವೆ. 1610ರಲ್ಲಿ ಪಟ್ಟಣವು ರಾಜ ಒಡೆಯರ ವಶವಾದಮೇಲೆ ಮಂದೆಯೂ ಮೈಸೂರಿನದಾಯಿತು. ಚಿಕ್ಕದೇವರಾಜ ಒಡೆಯರು ಅದಕ್ಕೆ ಕಾವಲುಗಳೆಂಬ ಮೇವಿನ ನೆಲಗಳನ್ನು ಗೊತ್ತುಮಾಡಿ ಬೆಣ್ಣೆ ಚಾವಡಿಯೆಂದು ಹೆಸರಿಟ್ಟರು. ಟಿಪ್ಪು ಅದನ್ನೇ ವಿಸ್ತರಿಸಿ, ನಿಯಮಗಳನ್ನು ಬರೆಸಿ, ಅಮೃತಮಹಲ್ ಎಂದು ಕರೆದನು. ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗದ ದನಗಳು ಕೂಡಿ ಆ ಮಂದೆಯಾದುವು. ಆದುದರಿಂದ ಹಳ್ಳಿಕಾರ್ ಎಂಬುದು ಮೂಲ, ಅಮೃತಮಹಲ್ ಎಂಬುದು ಅರಸರ ಏರ್ಪಾಡು. ಇವೆರಡನ್ನೂ ಒಂದೇ ಎಂದು ಬರೆದೊಡನೆ ಮಂಡ್ಯದ ಹಟ್ಟಿಯಲ್ಲಿ ಬೆಳೆದ ಎತ್ತಿಗೂ ಕಾವಲಿನ ಕಾಡುಮೇಡಿನಲ್ಲಿ ಬೆಳೆದ ಎತ್ತಿಗೂ ಇರುವ ಅಂತರ ಅಳಿಸಿಹೋಗುತ್ತದೆ.

ಎರಡನೆಯ ಮಾತಿಗೆ ಆಧಾರವುಂಟು. 1781ರಲ್ಲಿ ಇಂಗ್ಲಿಷರು ಚಿದಂಬರದ ಮೇಲೆ ಬಿದ್ದಾಗ ಹೈದರಾಲಿ ಎರಡೂವರೆ ದಿನಗಳಲ್ಲಿ 100 ಮೈಲಿ ಸಾಗಿ ಅದರ ನೆರವಿಗೆ ಬಂದನೆಂಬ ವೃತ್ತಾಂತವನ್ನು ರೈಸ್ ಸಾಹೇಬರ ಮೈಸೂರು ಗೆಜೆಟಿಯರು ಎತ್ತಿ ಹೇಳುತ್ತದೆ. ಆದರೆ ಅಲ್ಲಿ ಪ್ರಶಂಸೆ ಸಲ್ಲುವುದು ಎತ್ತುಗಳನ್ನು ಸಾಕಿ, ಆಯ್ದು, ಪಳಗಿಸಿ ಸೈನ್ಯಕ್ಕೆ ಒದಗಿಸಿದ ಏರ್ಪಾಡಿಗೆ. ಯಾವ ಒಂದು ಜೋಡಿಯೂ ಅಷ್ಟು ದೂರ ಓಡಿತೆಂದು ಅಲ್ಲಿ ಹೇಳಿಲ್ಲ. ಗಂಟೆಗೆ ಎರಡೂವರೆ ಮೈಲಿಯಂತೆ ನಡೆದರೂ ದಿನಕ್ಕೆ 16 ಗಂಟೆ ನಡೆದಲ್ಲದೆ 40 ಮೈಲಿ ಆಗದು. ಅಚ್ಚರಿಯಿರುವುದು ವೇಗದಲ್ಲಲ್ಲ, ಫಿರಂಗಿಯನ್ನು ಹೂಡಿಕೊಂಡು ಅಷ್ಟು ಹೊತ್ತು ಕುಸಿಯದೆ ನಡೆದ ತಾಳ್ಮೆಯಲ್ಲಿ.

ಏರ್ಪಾಡಿಲ್ಲದ ಎತ್ತಿನ ಗತಿ ಏನೆಂಬುದಕ್ಕೆ ಸಾಕ್ಷಿ ನಮ್ಮ ನೆಲದಲ್ಲಿಯೇ ಇದೆ. 1791ರ ಮೇ 15ರಂದು ಅರಕೆರೆಯ ಯುದ್ಧದಲ್ಲಿ ಟಿಪ್ಪುವನ್ನು ಗೆದ್ದ ಇಂಗ್ಲಿಷ್ ಸೇನಾಪತಿ ಕಾರ್ನ್‌ವಾಲಿಸನು ಶ್ರೀರಂಗಪಟ್ಟಣವನ್ನು ಮುತ್ತಲಾರದೆ ಹಿಮ್ಮೆಟ್ಟಿದನು. ಮಳೆ, ರೋಗ, ಮೇವಿನ ಅಭಾವಗಳಿಂದ ಅವನ ಎತ್ತುಗಳು ಸಾಲುಸಾಲಾಗಿ ಸತ್ತಿದ್ದುವು. ಕೋಟೆ ಒಡೆಯುವ ದೊಡ್ಡ ಫಿರಂಗಿಗಳನ್ನು ಎಳೆಯಲು ಎತ್ತುಗಳಿಲ್ಲದೆ ಕನ್ನಂಬಾಡಿಯ ಬಳಿ ಅವನೇ ಅವುಗಳನ್ನು ನಾಶಮಾಡಿಸಬೇಕಾಯಿತು. ಗೆದ್ದ ಸೇನಾಪತಿ ಎತ್ತಿಲ್ಲದೆ ಬರಿಗೈಯಲ್ಲಿ ಮರಳಿದ ಈ ಪ್ರಸಂಗ ನಮ್ಮ ಜನಪ್ರಿಯ ಲೇಖನಗಳಲ್ಲಿ ಏಕೆ ಕಾಣುವುದಿಲ್ಲವೋ! 1799ರಲ್ಲಿ ಇಂಗ್ಲಿಷ್ ಸೇನಾಪತಿ ಹ್ಯಾರಿಸನ ಸೈನ್ಯವೂ ಎತ್ತುಗಳನ್ನು ಕಳೆದುಕೊಳ್ಳುತ್ತ, ತಡೆದು ತಡೆದು ಬಂದು, ಮಾರ್ಚ್ 27ರಂದು ಮಳವಳ್ಳಿಯಲ್ಲಿ ಟಿಪ್ಪುವನ್ನು ಎದುರಿಸಿತು. ಶ್ರೀರಂಗಪಟ್ಟಣ ಬಿದ್ದಮೇಲೆ ಅಮೃತಮಹಲಿನ ಮಂದೆ ಇಂಗ್ಲಿಷರ ಕೈಸೇರಿತು. ತಳಿ ಅದೇ, ಹುಲ್ಲು ಅದೇ, ಆದರೆ ನೋಡಿಕೊಳ್ಳುವವರಿಲ್ಲದೆ ಅದು ಕ್ಷೀಣಿಸಿ, 1813ರಲ್ಲಿ ಕ್ಯಾಪ್ಟನ್ ಹಾರ್ವೆಯ ವಶಕ್ಕೆ ಬಂದಮೇಲೆಯೇ ಚೇತರಿಸಿಕೊಂಡಿತು. 1860ರಲ್ಲಿ ವೆಚ್ಚ ತಗ್ಗಿಸುವುದಕ್ಕೆಂದು ಅದನ್ನು ಮಾರಿದರು. 1866ರಲ್ಲಿ ಮತ್ತೆ ಕೂಡಿಹಾಕಿದರು. 1882ರಲ್ಲಿ ಅದು ಮೈಸೂರು ಸರ್ಕಾರಕ್ಕೆ ಮರಳಿತು.

ಪ್ರಾಣಿಯ ನಡೆಯನ್ನು ಕುರಿತ ಅತ್ಯುಕ್ತಿ ನಮ್ಮಲ್ಲಿ ಮಾತ್ರ ಇರುವುದಲ್ಲ. ಐಸ್‌ಲೆಂಡಿನ ಕುದುರೆಯ ಟೊಲ್ಟ್ ಎಂಬ ಮೃದುವಾದ ನಡೆ ಜಗತ್ತಿನಲ್ಲಿ ಬೇರೆಲ್ಲಿಯೂ ಇಲ್ಲವೆಂದು ಬರೆಯುವವರಿದ್ದಾರೆ. ಆದರೆ ಅಂತಹ ವಿಶೇಷ ನಡೆಗೆ ಕಾರಣವಾದ ವಂಶವಾಹಿಯ ವ್ಯತ್ಯಾಸವನ್ನು ವಿಜ್ಞಾನಿಗಳು 2012ರಲ್ಲಿ ಗುರುತಿಸಿದಾಗ ಅದು ಹಲವು ದೇಶಗಳ ಕುದುರೆಗಳಲ್ಲಿ ಕಂಡುಬಂದಿತು. ನಮ್ಮ ಮಾರ್ವಾಡಿ, ಕಾಠಿಯಾವಾಡಿ ಕುದುರೆಗಳಿಗೂ ರೇವಾಲ್ ಎಂಬ ಮೃದುನಡೆಯುಂಟು.

ಎತ್ತಿನ ನಡೆಯನ್ನು ಬಲ್ಲವರು ಯಾರೆಂಬುದನ್ನು ಹೇಮಗಿರಿಯ ದನಗಳ ಜಾತ್ರೆಯಲ್ಲಿ ಕಾಣಬಹುದು. ಕೊಳ್ಳುವವನು ಮೊದಲು ಬಾಯಿ ಬಿಡಿಸಿ ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿದೆಯೋ ಎಂದು ನೋಡುತ್ತಾನೆ, ಸುಳಿ ನೋಡುತ್ತಾನೆ, ಅನಂತರ ಎತ್ತನ್ನು ಓಡಿಸದೆ, ಹಗ್ಗ ಸಡಿಲಬಿಟ್ಟು ನಡೆಸುವಂತೆ ಹೇಳಿ ಹಿಂದೆ ನಿಲ್ಲುತ್ತಾನೆ. ಮುಂಗಾಲಿನ ಗುರುತಿನ ಮೇಲೆಯೇ ಹಿಂಗಾಲಿನ ಗೊರಸು ಬೀಳುತ್ತಿದೆಯೆ, ಹಿಂಗಾಲು ಒಂದಕ್ಕೊಂದು ಉಜ್ಜುತ್ತಿದೆಯೆ ಎಂಬುದು ಅವನ ಪರೀಕ್ಷೆ. ಅದಾದಮೇಲೆಯೇ ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆಯ ಮಾತು. ಲಾಳ ಹೊಡೆಯುವವನೂ ಈ ನಡೆಗೆ ಸೇವಕನೇ: ಎತ್ತನ್ನು ಹಗ್ಗ ಹಾಕಿ ಕೆಡವಿ, ಕಾಲುಗಳನ್ನು ಕಟ್ಟಿ, ಗೊರಸನ್ನು ಹದವಾಗಿ ಕೆತ್ತಿ, ಕಾಲಿಗೆ ಎರಡರಂತೆ ಎಂಟು ಲಾಳಗಳನ್ನು ಕೂರಿಸುತ್ತಾನೆ, ಒಂದು ಮೊಳೆ ಒಳಮಾಂಸಕ್ಕೆ ತಾಗಿತೆಂದರೆ ಎತ್ತು ಕುಂಟುತ್ತದೆ.

ಕಾರ್ನ್‌ವಾಲಿಸನ ಫಿರಂಗಿಗಳು ನಾಶವಾದ ಕನ್ನಂಬಾಡಿಯಲ್ಲಿಯೇ 1911ರಲ್ಲಿ ಕಟ್ಟೆಯ ಕೆಲಸ ಆರಂಭವಾಗಿ, ಮುಂದೆ ವಿಶ್ವೇಶ್ವರಯ್ಯ ನಾಲೆಯ ನೀರು ಮಂಡ್ಯ, ಮದ್ದೂರು, ಮಳವಳ್ಳಿಗಳ ಬಯಲಿಗೆ ಹರಿಯಿತು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪಿತವಾಯಿತು. ಫಿರಂಗಿ ಎಳೆದ ವಂಶದ ಎತ್ತುಗಳು ಕಬ್ಬಿನ ಗಾಡಿಗೆ ಕೊರಳು ಕೊಟ್ಟುವು. ಯುದ್ಧದ ಓಟವನ್ನು ವರ್ಣಿಸಲು ಕಾತರರಾದ ಲೇಖಕರು ಈ ದೀರ್ಘಕಾಲದ ಮಂದಗತಿಯ ದುಡಿಮೆಗೆ ಒಂದು ಪುಟವನ್ನೂ ಮೀಸಲಿಡಲಿಲ್ಲ. ಈ ಸೀಮೆಯನ್ನು ಕಟ್ಟಿದುದು ಆ ನಡಿಗೆಯೇ ಎಂಬುದು ನನ್ನ ನಿಶ್ಚಿತ ಅಭಿಪ್ರಾಯ.

ಮಂಡ್ಯದ ಕಾರ್ಖಾನೆಗೆ ಎತ್ತಿನ ಗಾಡಿಯಲ್ಲಿ ಕಬ್ಬು ಸಾಗಿಸಿದ ಹಿರಿಯರು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ. ಹಳ್ಳಿಕಾರ್ ಎತ್ತಿನ ಬಗ್ಗೆ ಬರೆಯಬೇಕೆಂದಿರುವವರು ಮೊದಲು ಅವರ ಬಳಿ ಕುಳಿತು, ಗಾಡಿಗೆ ಎಷ್ಟು ಭಾರ ಹೇರುತ್ತಿದ್ದರು, ಊರನ್ನು ಯಾವ ಹೊತ್ತಿಗೆ ಬಿಡುತ್ತಿದ್ದರು, ಎಲ್ಲಿ ನೊಗ ಕಳಚಿ ನೀರು ಕುಡಿಸುತ್ತಿದ್ದರು, ಎಷ್ಟು ದಿನಕ್ಕೊಮ್ಮೆ ಲಾಳ ಹೊಡೆಸುತ್ತಿದ್ದರು ಎಂಬುದನ್ನು ಕೇಳಿ, ಅವರು ಹೇಳಿದಂತೆಯೇ ಬರೆದಿಡಲಿ.