ಹೇಗೆ ಬೇಕು ಅಂತ ಕೇಳಿದ ಕತ್ತರಿ

ಆಫೀಸ್ ಕೆಲಸದ ಮೇಲೆ ಎರಡು ವಾರ ಸಿಯೋಲ್‌ನಲ್ಲಿದ್ದಾಗ ನನ್ನ ತಲೆ ತೀರಾ ಕಾಡಾಗಿತ್ತು. ಹೋಟೆಲ್ ಪಕ್ಕದ ಬೀದಿಯಲ್ಲಿದ್ದ ಒಂದು ಮಿಯೊಂಗ್‌ಶಿಲ್‌ಗೆ ಹೋದೆ. ಮಿಯೊಂಗ್‌ಶಿಲ್ ಅಂದ್ರೆ ಬ್ಯೂಟಿ ಸಲೂನ್. ಗಂಡಸರ ಹಳೇ ಕಾಲದ ಕ್ಷೌರದಂಗಡಿಗೆ ಅಲ್ಲಿ ಇಬಾಲ್ಸೊ ಅಂತ ಬೇರೆಯೇ ಹೆಸರಿದೆ. ಈಗಿನ ಹುಡುಗರು ಅತ್ತ ಹೋಗೋದು ಕಡಿಮೆ. ಹುಡುಗ ಹುಡುಗಿ ಅನ್ನದೆ ಎಲ್ಲರೂ ಮಿಯೊಂಗ್‌ಶಿಲ್‌ಗೇ ಬರ್ತಾರೆ.

ಒಳಗೆ ಕಾಲಿಟ್ಟ ಕೂಡಲೇ ಬ್ಯಾಗು ಇಸ್ಕೊಂಡು ಲಾಕರ್‌ನಲ್ಲಿಟ್ಟರು. ತೋಳಿರುವ ಒಂದು ನಿಲುವಂಗಿ ತೊಡಿಸಿದರು. ಕಾಫಿ ಕೊಟ್ಟರು. ಕತ್ತರಿ ಹಿಡಿಯುವವರನ್ನು ಅಲ್ಲಿ ಡಿಸೈನರ್ ಅಂತಾರೆ. ಆಕೆ ಬಂದು ನನ್ನ ಪಕ್ಕ ಕೂತು, ಫೋನಿನ ಅನುವಾದದ ಆ್ಯಪ್‌ನಲ್ಲಿ ಏನೋ ಟೈಪ್ ಮಾಡಿ ಮುಂದೆ ಹಿಡಿದರು. ‘ಹೇಗೆ ಬೇಕು?’

ನಾನು ತಬ್ಬಿಬ್ಬು. ಯಾಕಂದ್ರೆ ಹದಿನಾರು ವರ್ಷದವರೆಗೆ ಈ ಪ್ರಶ್ನೆಗೆ ನನ್ನ ಪರವಾಗಿ ಉತ್ತರ ಕೊಡ್ತಿದ್ದದ್ದು ನಮ್ಮಪ್ಪ. ಕುರ್ಚಿಯ ಕೈ ಮೇಲೆ ಅಡ್ಡ ಹಲಗೆ ಇಟ್ಟು ಕೂರಿಸಿದ ಮೇಲೆ, ಪೇಪರ್‌ನಿಂದ ತಲೆಯೆತ್ತದೇ, ‘ಸಣ್ಣಗೆ ಹೊಡೀರಿ, ಮೂರು ತಿಂಗಳು ಬರ್ಬೇಕು’ ಅಂತಿದ್ದರು. ಅಲ್ಲಿಗೆ ಮುಗೀತು. ನಿಮ್ಮಲ್ಲಿ ಎಷ್ಟೋ ಜನರ ಕತೆಯೂ ಇದೇ ಇರಬಹುದು.

ಡಿಸೈನರ್ ಮಾತ್ರ ಬಿಡಲಿಲ್ಲ. ಫೋಟೋ ತೋರಿಸಿದರು, ಕಿವಿ ಪಕ್ಕ ಎಷ್ಟು, ಹಣೆ ಮೇಲೆ ಎಷ್ಟು ಅಂತ ಬೆರಳಲ್ಲಿ ಅಳೆದು ಕೇಳಿದರು. ಕತ್ತರಿ ಹಿಡಿಯೋದಕ್ಕೆ ಮುಂಚೆ ಹತ್ತು ನಿಮಿಷ ಮಾತೇ ಆಯ್ತು. ಕೊರಿಯಾದ ಸಲೂನ್‌ಗೆ ಹೋಗಿಬಂದವರೆಲ್ಲ ತಲೆ ತೊಳೆಯುವಾಗಿನ ಮಸಾಜ್ ಬಗ್ಗೆ, ಪರ್ಮ್ ಬಗ್ಗೆ ಹೇಳ್ತಾರೆ. ನನ್ನ ತಲೆಯಲ್ಲಿ ಉಳಿದದ್ದು ಈ ಪ್ರಶ್ನೆ. ಆಮೇಲೆ ಅಲ್ಲಿನ ಇತಿಹಾಸ ಓದ್ತಾ ಹೋದಾಗ ಗೊತ್ತಾಯ್ತು, ಈ ಪ್ರಶ್ನೆ ಆ ಕುರ್ಚಿಗೆ ಬಂದು ತಲುಪೋಕೆ ನೂರು ವರ್ಷಕ್ಕೂ ಹೆಚ್ಚು ಹಿಡೀತು ಅಂತ.

ಜೋಸೆಒನ್ ರಾಜರ ಕಾಲದಲ್ಲಿ ಕೊರಿಯಾದ ಗಂಡಸರು ಕೂದಲು ಕತ್ತರಿಸುತ್ತಿರಲಿಲ್ಲ. ದೇಹ, ಚರ್ಮ, ಕೂದಲು ಎಲ್ಲಾ ಅಪ್ಪ ಅಮ್ಮ ಕೊಟ್ಟದ್ದು, ಅದನ್ನು ಕೆಡಿಸದೇ ಇರೋದೇ ಮಕ್ಕಳ ಮೊದಲ ಕರ್ತವ್ಯ ಅನ್ನೋದು ಕನ್‌ಫ್ಯೂಷಿಯಸ್ ಪಂಥದ ಪಾಠ. ನಮ್ಮಲ್ಲಿ ನೋಡಿ, ಅಪ್ಪ ತೀರಿಕೊಂಡರೆ ಮಗ ತಲೆ ಬೋಳಿಸಿಕೊಳ್ಳುತ್ತಾನೆ. ಅದು ನಮ್ಮ ಪಿತೃಭಕ್ತಿ. ಅಲ್ಲಿ ಅದಕ್ಕೆ ಪೂರ್ತಿ ಉಲ್ಟಾ. ಮದುವೆಯಾಗದ ಹುಡುಗ ಜಡೆ ಹೆಣೆದುಕೊಂಡು ಇಳಿಬಿಡಬೇಕು. ಮದುವೆಯ ಹೊತ್ತಿಗೆ ಕೂದಲನ್ನು ನೆತ್ತಿಗೆ ಎತ್ತಿ ಗಂಟು ಹಾಕಬೇಕು. ಆ ಗಂಟಿಗೆ ಸಾಂಗ್‌ತು ಅಂತ ಹೆಸರು. ಮೂವತ್ತು ವರ್ಷವಾದರೂ ಮದುವೆ ಆಗಿಲ್ಲ ಅಂದ್ರೆ ಅವನು ಇನ್ನೂ ಹುಡುಗನೇ, ಏಕವಚನದಲ್ಲೇ ಮಾತಾಡಿಸೋದು. ಅಂದ್ರೆ ಆ ಗಂಟು ಗಂಡಸಿನ ಐಡಿ ಕಾರ್ಡ್ ಇದ್ದ ಹಾಗೆ.

1895ರ ಅಕ್ಟೋಬರ್ 8ರಂದು ಜಪಾನೀಯರ ಗುಂಪೊಂದು ಅರಮನೆಗೇ ನುಗ್ಗಿ ರಾಣಿ ಮಿನ್‌ಳನ್ನು ಕೊಂದಿತು. ಊರೆಲ್ಲಾ ಕುದಿಯುತ್ತಿತ್ತು. ಅದೇ ಡಿಸೆಂಬರ್ 30ರಂದು, ಜಪಾನಿನ ಹಿಡಿತದಲ್ಲಿದ್ದ ಸರ್ಕಾರ ಒಂದು ಆಜ್ಞೆ ಹೊರಡಿಸಿತು: ಗಂಡಸರೆಲ್ಲಾ ಸಾಂಗ್‌ತು ಕತ್ತರಿಸಬೇಕು. ಎರಡು ದಿನ ಬಿಟ್ಟು, 1896ರ ಜನವರಿ 1ರಿಂದ, ದೇಶದ ಪಂಚಾಂಗವೂ ಬದಲಾಗಿ ಪಾಶ್ಚಾತ್ಯ ಕ್ಯಾಲೆಂಡರ್ ಬಂತು. ಹೊಸ ಕಾಲಕ್ಕೆ ಹೊಸ ತಲೆ ಅನ್ನೋದು ಲೆಕ್ಕಾಚಾರ.

ಮೊದಲು ಕತ್ತರಿಗೆ ತಲೆ ಕೊಟ್ಟವನು ಸ್ವತಃ ರಾಜ ಗೋಜೊಂಗ್, ಆಮೇಲೆ ಯುವರಾಜ. ಕತ್ತರಿ ಹಿಡಿದವರು ಕ್ಷೌರಿಕರಲ್ಲ, ಸರ್ಕಾರದ ಉನ್ನತ ಅಧಿಕಾರಿಗಳು. ಆ ದೇಶದ ಆಧುನಿಕ ಹೇರ್‌ಕಟ್‌ನ ಮೊದಲ ‘ಕಸ್ಟಮರ್’ ರಾಜನೇ ಆಗಿದ್ದರೂ, ಹೇಗೆ ಬೇಕು ಅಂತ ಅವನನ್ನೂ ಯಾರೂ ಕೇಳಲಿಲ್ಲ.

ರಾಜನ ಕತೆಯೇ ಹೀಗಾದರೆ ಉಳಿದವರದ್ದು ಏನು ಹೇಳೋದು? ಊರ ಬಾಗಿಲಲ್ಲಿ, ಬೀದಿಯಲ್ಲಿ ಪೊಲೀಸರು ಕತ್ತರಿ ಹಿಡಿದು ನಿಂತರು. ಕತ್ತರಿಸಿದ ಗಂಟನ್ನು ಚೀಲದಲ್ಲಿ ಹಾಕಿಕೊಂಡು ಅಳುತ್ತಾ ಮನೆಗೆ ಹೋದವರಿದ್ದರು. ಕೂದಲು ಹೋದೀತು ಅಂತ ಹಳ್ಳಿಯವರು ಸಿಯೋಲ್‌ಗೆ ಬರೋದನ್ನೇ ನಿಲ್ಲಿಸಿದರು. ಪೇಟೆಗೆ ಸಾಮಾನು ಬಾರದೆ ಬೆಲೆ ಏರಿತು. ಆಗ ಕೊರಿಯಾ ಸುತ್ತಿದ ಬ್ರಿಟಿಷ್ ಪ್ರವಾಸಿ ಇಸಬೆಲ್ಲಾ ಬರ್ಡ್ ತನ್ನ ಪುಸ್ತಕದಲ್ಲಿ ಈ ಗಲಾಟೆಯನ್ನು ವಿವರವಾಗಿ ಬರೆದಿದ್ದಾಳೆ. ಚೋಯ್ ಇಕ್‌ಹ್ಯೋನ್ ಎಂಬ ಹಿರಿಯ ವಿದ್ವಾಂಸ, ತಲೆ ಬೇಕಾದರೆ ಕೊಡ್ತೀನಿ, ಕೂದಲು ಮಾತ್ರ ಕೊಡಲ್ಲ ಅನ್ನುವ ಹಟ ಹಿಡಿದ. ಹಳ್ಳಿಹಳ್ಳಿಗಳಲ್ಲಿ ಜನ ದಂಡು ಕಟ್ಟಿಕೊಂಡು ದಂಗೆ ಎದ್ದರು.

1896ರ ಫೆಬ್ರವರಿ 11ರಂದು ಗೋಜೊಂಗ್ ಅರಮನೆಯಿಂದ ತಪ್ಪಿಸಿಕೊಂಡು ರಷ್ಯಾದ ರಾಯಭಾರ ಕಚೇರಿ ಸೇರಿದ. ಪ್ರಧಾನಿ ಕಿಮ್ ಹೊಂಗ್‌ಜಿಪ್‌ನನ್ನು ಜನ ನಡುಬೀದಿಯಲ್ಲೇ ಕೊಂದರು. ಜುಟ್ಟಿನ ವಿಷಯ ಅವರವರ ಇಷ್ಟಕ್ಕೆ ಬಿಟ್ಟದ್ದು ಅಂತಾಯ್ತು. ತಮಾಷೆ ಅಂದ್ರೆ, ಹಾಗೆ ಇಷ್ಟಕ್ಕೆ ಬಿಟ್ಟ ಮೇಲೆ ನಿಧಾನಕ್ಕೆ ತುಂಬಾ ಜನ ತಾವಾಗೇ ಕತ್ತರಿಸಿಕೊಂಡರು. ಅವರಿಗೆ ಕತ್ತರಿಯ ಮೇಲಿದ್ದ ಸಿಟ್ಟಿಗಿಂತ ಅದನ್ನು ಹಿಡಿದ ಕೈಯ ಮೇಲಿದ್ದ ಸಿಟ್ಟು ದೊಡ್ಡದಿತ್ತು ಅಂತ ನನಗನ್ನಿಸುತ್ತೆ.

ಹೆಂಗಸರ ಕತೆ ಬೇರೆ. 1922ರಲ್ಲಿ ಕಾಂಗ್ ಹ್ಯಾಂಗ್‌ನಾನ್ ಎಂಬ ಗಿಸೆಂಗ್, ಅಂದ್ರೆ ಹಾಡು ಕುಣಿತದ ವೃತ್ತಿಯವಳು, ಕೂದಲು ಕತ್ತರಿಸಿಕೊಂಡು ಗಂಡಸರ ಬಟ್ಟೆ ತೊಟ್ಟು ಓದೋಕೆ ಹೊರಟಳು. ಪತ್ರಿಕೆಗಳಲ್ಲಿ ದೊಡ್ಡ ಚರ್ಚೆಯೇ ಆಯ್ತು. ಆ ಕಾಲದ ‘ಮಾಡರ್ನ್ ಗರ್ಲ್’ ಅನ್ನುವ ಮಾತನ್ನು ಕೊರಿಯನ್ನರು ‘ಮೊದಾನ್ ಗರ್ಲ್’ ಅಂತ ಬರೆದರು. ‘ಮೊ’ ಅಂದ್ರೆ ಕೂದಲು, ‘ದಾನ್’ ಅಂದ್ರೆ ಕತ್ತರಿಸು. ಆಧುನಿಕ ಹುಡುಗಿ, ಕೂದಲು ಕತ್ತರಿಸಿದ ಹುಡುಗಿ, ಎರಡಕ್ಕೂ ಒಂದೇ ಪದ! ಗೇಲಿಯೂ ಹೌದು, ಭಯವೂ ಹೌದು.

1933ರಲ್ಲಿ ಓ ಯೋಪ್‌ಜು ಎಂಬಾಕೆ ಜಪಾನ್‌ನಲ್ಲಿ ಕೆಲಸ ಕಲಿತು ಬಂದು, ಸಿಯೋಲ್‌ನ ಹ್ವಾಶಿನ್ ಡಿಪಾರ್ಟ್‌ಮೆಂಟ್ ಸ್ಟೋರ್ ಒಳಗೆ ಬ್ಯೂಟಿ ಸಲೂನ್ ತೆರೆದಳು. ಕೊರಿಯನ್ ಹೆಣ್ಣೊಬ್ಬಳು ನಡೆಸಿದ ಮೊದಲ ಸಲೂನ್ ಅಂತ ಅದನ್ನು ಹೇಳ್ತಾರೆ. ವಿದ್ಯುತ್ ಯಂತ್ರಕ್ಕೆ ಕೂದಲು ಸುತ್ತಿ ಪರ್ಮ್ ಮಾಡಿಸಿಕೊಳ್ಳೋದು ದುಡ್ಡಿದ್ದವರ ಶೋಕಿ, ನಿಜ. ಆದರೂ ಅಲ್ಲಿಗೆ ಬಂದವರು ತಾವಾಗೇ ಬಂದವರು, ಇಂಥದ್ದು ಬೇಕು ಅಂತ ಬಾಯಿಬಿಟ್ಟು ಕೇಳಿದವರು.

ಯುದ್ಧ ಮುಗಿದ ಬಡತನದ ದಿನಗಳಲ್ಲಿ ಕೂದಲು ಇನ್ನೊಂದು ರೂಪ ತಾಳಿತು, ರಫ್ತಿನ ಸಾಮಾನಿನ ರೂಪ. ಗಲ್ಲಿಗಲ್ಲಿಯಲ್ಲಿ ಕೂದಲು ಕೊಳ್ಳುವವರು ಕೂಗುತ್ತಾ ಬರ್ತಿದ್ದರು. ತಾಯಂದಿರು ಜಡೆ ಮಾರಿ ಮಕ್ಕಳ ಫೀಸು ಕಟ್ಟಿದರು. 1965ರಲ್ಲಿ ಅಮೆರಿಕ ಕಮ್ಯುನಿಸ್ಟ್ ಚೀನಾದ ಕೂದಲಿನ ವಿಗ್‌ಗಳನ್ನು ನಿಷೇಧಿಸಿದ್ದೇ ಕೊರಿಯಾಕ್ಕೆ ಲಾಟರಿ ಹೊಡೆದಂತಾಯ್ತು. 1970ರ ಹೊತ್ತಿಗೆ ಬಟ್ಟೆ, ಪ್ಲೈವುಡ್ ಬಿಟ್ಟರೆ ಮೂರನೇ ದೊಡ್ಡ ರಫ್ತು ವಿಗ್. ಆ ವಿಗ್ ಹೆಣೆದವರು ಹಳ್ಳಿಯಿಂದ ಬಂದ ಹುಡುಗಿಯರು. ಬೇಡಿಕೆ ಇಳಿದು ವೈ.ಎಚ್. ಟ್ರೇಡಿಂಗ್ ಎಂಬ ಕಂಪನಿ ಬಾಗಿಲು ಹಾಕಿದಾಗ, 1979ರ ಆಗಸ್ಟ್‌ನಲ್ಲಿ ಸುಮಾರು 200 ಕೆಲಸಗಾರ್ತಿಯರು ವಿರೋಧ ಪಕ್ಷದ ಕಚೇರಿಯಲ್ಲಿ ಧರಣಿ ಕೂತರು. ಪೊಲೀಸರು ನುಗ್ಗಿದರು. ಕಿಮ್ ಕ್ಯೊಂಗ್‌ಸುಕ್ ಎಂಬ ಯುವತಿ ಸತ್ತಳು. ಅಲ್ಲಿ ಹೊತ್ತಿದ ರಾಜಕೀಯದ ಕಿಡಿ ಬೆಳೆಯುತ್ತಾ ಹೋಗಿ, ಅಕ್ಟೋಬರ್ 26ರಂದು ಅಧ್ಯಕ್ಷ ಪಾರ್ಕ್ ಚುಂಗ್-ಹೀ ತನ್ನದೇ ಬೇಹುಗಾರಿಕೆ ಮುಖ್ಯಸ್ಥನ ಗುಂಡಿಗೆ ಬಲಿಯಾದ.

ಅದೇ ಪಾರ್ಕ್ ಆಳ್ವಿಕೆಯಲ್ಲಿ ಕತ್ತರಿ ಮತ್ತೆ ಪೊಲೀಸರ ಕೈಗೆ ಬಂದಿತ್ತು, ಗೊತ್ತಾ? 1973ರಲ್ಲಿ ಕಾಯ್ದೆ ತಿದ್ದಿ ಗಂಡಸರ ಉದ್ದ ಕೂದಲನ್ನು ಅಪರಾಧ ಮಾಡಿದರು. ಬೀದಿಯಲ್ಲಿ ಹುಡುಗರನ್ನು ಹಿಡಿದು ನಿಲ್ಲಿಸಿ ಅಲ್ಲೇ ಕತ್ತರಿಸ್ತಿದ್ದರು. ಹುಡುಗಿಯರ ಸ್ಕರ್ಟಿಗೆ ಸ್ಕೇಲು ಹಿಡೀತಿದ್ದರು. ಎಂಬತ್ತು ವರ್ಷದ ಹಿಂದೆ ಕೂದಲು ಕತ್ತರಿಸದೇ ಇರೋದು ಸಂಪ್ರದಾಯವಾಗಿದ್ದ ದೇಶದಲ್ಲಿ, ಈಗ ಕೂದಲು ಬಿಡೋದು ವಿದೇಶೀ ಕೆಟ್ಟ ಚಾಳಿ. ಎರಡೂ ಸಲ ಸರ್ಕಾರದ್ದೇ ಸರಿ!

ಶಾಲೆಯದ್ದೂ ಅದೇ ಕತೆ. ಹುಡುಗರಿಗೆ ಬೋಳು ಬೋಳು ಕ್ರಾಪು, ಹುಡುಗಿಯರಿಗೆ ಕಿವಿಯ ಕೆಳಕ್ಕೆ ಕತ್ತರಿಸಿದ ಬಾಬ್. 1982ರಲ್ಲಿ ಸರ್ಕಾರ ನಿಯಮ ಸಡಿಲಿಸಿದರೂ ಎಷ್ಟೋ ಶಾಲೆಗಳು ಬಿಡಲಿಲ್ಲ. ನಿಯಮ ಮೀರಿದ ಹುಡುಗನ ತಲೆಯ ನಡುವೆ ಮೇಷ್ಟ್ರು ಕ್ಲಿಪ್ಪರ್ ಹಾಯಿಸಿ ಒಂದು ಪಟ್ಟಿ ಬೋಳಿಸಿ ಕಳಿಸ್ತಿದ್ದರು. ಮಕ್ಕಳು ಅದಕ್ಕೆ ಇಟ್ಟ ಹೆಸರು ‘ಹೈವೇ’. 2010ರಲ್ಲಿ ಗ್ಯೊಂಗ್ಗಿ ಪ್ರಾಂತ್ಯ, 2012ರಲ್ಲಿ ಸಿಯೋಲ್ ವಿದ್ಯಾರ್ಥಿ ಹಕ್ಕುಗಳ ನಿಯಮ ತಂದು, ತಲೆ ಮಕ್ಕಳದ್ದೇ ಅಂತ ಒಪ್ಪಿಕೊಂಡವು. ನನ್ನ ಕೂದಲು ಕತ್ತರಿಸಿದ ಡಿಸೈನರ್‌ಗೆ ಹೆಚ್ಚೂಕಮ್ಮಿ ನನ್ನದೇ ವಯಸ್ಸು. ಶಾಲೆಯಲ್ಲಿ ಆಕೆಯ ಕೂದಲನ್ನು ಸ್ಕೇಲಿಟ್ಟು ಅಳೆದಿರಬಹುದು. ಅಂಥವರು ನನ್ನ ಹಣೆಯ ಮೇಲೆ ಬೆರಳಿಟ್ಟು ಇಷ್ಟಾ, ಇನ್ನೂ ಸ್ವಲ್ಪಾನಾ ಅಂತ ಕೇಳ್ತಾರೆ.

ಹಾಗಂತ ಈಗ ಎಲ್ಲಾ ಸರಿಹೋಯ್ತು ಅಂತಲ್ಲ. 2016ರಲ್ಲಿ ಚುಂಗ್ಜು ಊರಿನ ಒಂದು ಸಲೂನ್‌ನಲ್ಲಿ ಮಿದುಳಿನ ಪಾರ್ಶ್ವವಾಯು ಇದ್ದ ಮಹಿಳೆಯೊಬ್ಬರು ಕೂದಲಿಗೆ ಬಣ್ಣ ಹಾಕಿಸಿಕೊಂಡಾಗ ಬಿಲ್ 5,20,000 ವನ್ ಆಯ್ತು. ಆಗಿನ ಲೆಕ್ಕದಲ್ಲಿ ಸುಮಾರು 30,000 ರೂಪಾಯಿ. ಮುಂಚೆ ಬೆಲೆ ಹೇಳಿರಲಿಲ್ಲ. ತನಿಖೆ ಮಾಡಿದರೆ ಇನ್ನಷ್ಟು ಅಂಗವಿಕಲರಿಗೂ ಹೀಗೇ ಆಗಿತ್ತು. ಮಾಲೀಕರಿಗೆ ಜೈಲಾಯ್ತು. 2017ರ ನವೆಂಬರ್‌ನಿಂದ ಒಂದು ಹೊಸ ನಿಯಮ ಬಂತು: ಮೂರು ಅಥವಾ ಹೆಚ್ಚು ಸೇವೆ ಇದ್ದರೆ ಒಂದೊಂದರ ಬೆಲೆ, ಒಟ್ಟು ಬೆಲೆ ಎಲ್ಲವನ್ನೂ ಕೆಲಸ ಶುರು ಮಾಡೋ ಮುಂಚೆಯೇ ಬರೆದು ಕೊಡಬೇಕು. ಹೇಗೆ ಬೇಕು ಅಂತ ಕೇಳಿ ಎಷ್ಟಾಗುತ್ತೆ ಅಂತ ಹೇಳದಿದ್ದರೆ ಕೇಳಿದ್ದಕ್ಕೆ ಅರ್ಥ ಇಲ್ಲವಲ್ಲ.

ಇನ್ನು 2021ರ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಬಿಲ್ಲುಗಾರ್ತಿ ಆನ್ ಸಾನ್ ಮೂರು ಚಿನ್ನ ಗೆದ್ದಾಗ, ಆಕೆಯ ಗಿಡ್ಡ ಕೂದಲಿಗಾಗಿ ಸ್ವಂತ ದೇಶದ ಗಂಡಸರೇ ಇಂಟರ್ನೆಟ್‌ನಲ್ಲಿ ಬೈದರು. ಅದಕ್ಕುತ್ತರವಾಗಿ ಸಾವಿರಾರು ಹುಡುಗಿಯರು ತಮ್ಮ ಗಿಡ್ಡ ಕೂದಲಿನ ಫೋಟೋ ಹಾಕಿದರು. 1922ರಿಂದ ಲೆಕ್ಕ ಹಾಕಿದರೆ ತೊಂಬತ್ತೊಂಬತ್ತು ವರ್ಷ. ಜಗಳ ಮಾತ್ರ ಅದೇ.

ನಮ್ಮ ಕಡೆ ಗಂಡ ಸತ್ತ ಹೆಣ್ಣುಮಕ್ಕಳ ತಲೆ ಬೋಳಿಸುತ್ತಿದ್ದ ಮನೆಗಳ ಕತೆಯನ್ನು ಅಜ್ಜಿಯರ ಬಾಯಲ್ಲಿ ಕೇಳಿದವರಿಗೆ ಇದೆಲ್ಲಾ ದೂರದ ದೇಶದ ವಿಷಯ ಅನ್ನಿಸೋದಿಲ್ಲ.

ಆವತ್ತು ನನ್ನ ಪಕ್ಕದ ಕುರ್ಚಿಯಲ್ಲಿ ಇಪ್ಪತ್ತರ ಆಸುಪಾಸಿನ ಹುಡುಗನೊಬ್ಬ ಕೂತಿದ್ದ. ಹಿಂದಿನ ಸೋಫಾದಲ್ಲಿ ಅವನ ತಾಯಿ. ಮುಂದಿನ ವಾರ ಸೈನ್ಯಕ್ಕೆ ಹೋಗ್ತಾನೆ ಅಂತ ಡಿಸೈನರ್ ನನಗೆ ಫೋನಿನಲ್ಲಿ ಟೈಪ್ ಮಾಡಿ ತೋರಿಸಿದರು. ಕೊರಿಯಾದ ಹುಡುಗರಿಗೆ ಅದು ಕಡ್ಡಾಯ, ಸುಮಾರು ಒಂದೂವರೆ ವರ್ಷ. ಅವನ ತಲೆ ಹೇಗಿರಬೇಕು ಅನ್ನೋದು ಮೊದಲೇ ತೀರ್ಮಾನ ಆಗಿಬಿಟ್ಟಿತ್ತು. ಆದರೂ ಅವನ ಹಿಂದೆ ನಿಂತಿದ್ದ ಡಿಸೈನರ್ ಕ್ಲಿಪ್ಪರ್ ಆನ್ ಮಾಡೋ ಮುಂಚೆ ಕನ್ನಡಿಯಲ್ಲಿ ಅವನ ಮುಖ ನೋಡಿ ಏನೋ ಕೇಳಿದರು. ಭಾಷೆ ನನಗೆ ಗೊತ್ತಿಲ್ಲ. ಶುರು ಮಾಡಲಾ ಅಂತ ಇರಬೇಕು. ಹುಡುಗ ಒಂದು ಕ್ಷಣ ಸುಮ್ಮನಿದ್ದು, ಅಮ್ಮನ ಕಡೆ ನೋಡಿ ನಕ್ಕು, ಹೂಂ ಅಂತ ತಲೆಯಾಡಿಸಿದ. ಆಮೇಲೇ ಕ್ಲಿಪ್ಪರ್ ಗುಂಯ್‌ಗುಟ್ಟಿದ್ದು.