ಎರಡನೆಯ ಬೆನ್ನುಹುರಿ

‘ಶ್ಪೇಮಾನ್ ಸಂಘಟಕ’ ಎಂದು ಉರುಹೊಡೆದು ನಾನು ಜೀವಶಾಸ್ತ್ರದ ಪರೀಕ್ಷೆ ಪಾಸು ಮಾಡಿದವನು. ಆ ಪ್ರಯೋಗ ಮಾಡಿದ ಕೈ ಒಬ್ಬ ವಿದ್ಯಾರ್ಥಿನಿಯದೆಂದು ತಿಳಿಯಲು ಎಷ್ಟೋ ವರ್ಷ ಹಿಡಿಯಿತು.

ಆಕೆಯ ಹೆಸರು ಹಿಲ್ಡೆ ಮಾಂಗೋಲ್ಡ್; ಜರ್ಮನಿಯ ಫ್ರೈಬುರ್ಗ್ ವಿಶ್ವವಿದ್ಯಾಲಯದಲ್ಲಿ ಹಾನ್ಸ್ ಶ್ಪೇಮಾನ್ನರ ಶಿಷ್ಯೆ. ಕೆಲಸ ಮಾಡಿದ್ದು ಕಪ್ಪೆಯ ದಾಯಾದಿಯಾದ ನ್ಯೂಟ್ ಎಂಬ ಬಾಲವುಳ್ಳ ಪ್ರಾಣಿಯ ಭ್ರೂಣಗಳ ಮೇಲೆ. ಭ್ರೂಣವೆಂದರೆ ಸಾಸಿವೆ ಕಾಳಿನಷ್ಟು ಉಂಡೆ. ಉಪಕರಣವೆಂದರೆ ಗಾಜಿನ ಸೂಜಿ, ಎಳೆಗೂಸಿನ ಕೂದಲಿನ ಕುಣಿಕೆ. ಮೊಟ್ಟೆ ಸಿಗುತ್ತಿದ್ದುದು ವಸಂತದಲ್ಲಿ ಮಾತ್ರ. 1921 ಮತ್ತು 1922ರ ವಸಂತಗಳಲ್ಲಿ ಆಕೆ, ಕೋಶಗಳು ಒಳಕ್ಕೆ ಮಡಿಸಿಕೊಳ್ಳುವ ಕಂಡಿಯ ಮೇಲ್ತುಟಿಯನ್ನು ಬಿಳಿಚು ಜಾತಿಯ ಭ್ರೂಣದಿಂದ ಕತ್ತರಿಸಿ, ಕಪ್ಪು ಜಾತಿಯ ಭ್ರೂಣದ ಹೊಟ್ಟೆಯ ಕಡೆಗೆ ಕಸಿ ಮಾಡಿದಳು. ಸೋಂಕು ತಡೆಯುವ ಔಷಧವಿಲ್ಲದ ಕಾಲ, ಬಹುಪಾಲು ಸತ್ತವು. ಬದುಕಿದ ಕೆಲವದರಲ್ಲಿ ಹೊಟ್ಟೆಯ ಕಡೆ ಇನ್ನೊಂದು ಬೆನ್ನು ಮೂಡಿತ್ತು! ಅದರ ನರಹುರಿಯೋ, ಬಹುಮಟ್ಟಿಗೆ ಕಪ್ಪು ಕೋಶಗಳದೇ. ಬಂದ ಅತಿಥಿ ತಾನು ಮನೆ ಕಟ್ಟಲಿಲ್ಲ, ಮನೆಯವರಿಂದಲೇ ಕಟ್ಟಿಸಿಕೊಂಡ.

1924ರಲ್ಲಿ ಪ್ರಬಂಧ ಅಚ್ಚಾಯಿತು, ಗುರುವಿನ ಹೆಸರು ಮೊದಲು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಒಲೆಯ ಬೆಂಕಿ ತಗುಲಿ ಹಿಲ್ಡೆ ತೀರಿಕೊಂಡಳು. ವಯಸ್ಸು 25, ಮನೆಯಲ್ಲಿ ಎಳೆಯ ಮಗು. 1935ರ ನೊಬೆಲ್ ಬಹುಮಾನ ಶ್ಪೇಮಾನ್ನರೊಬ್ಬರಿಗೇ ಬಂತು. ತೀರಿಕೊಂಡವರಿಗೆ ಆ ಬಹುಮಾನವಿಲ್ಲ ಎಂಬುದು ನಿಯಮವಿರಬಹುದು; ಆದರೂ ನನ್ನ ಮನಸ್ಸು ಒಪ್ಪುವುದಿಲ್ಲ.

ಆ ತುಟಿ ಕೊಡುವ ಅಪ್ಪಣೆಯಾದರೂ ಯಾವುದು? ಮೂವತ್ತರ ದಶಕದಲ್ಲಿ ಎಲ್ಲರೂ ಹುಡುಕಿದರು. ಸತ್ತ ಅಂಗಾಂಶವೂ, ಮೆಥಿಲೀನ್ ಬ್ಲೂ ಎಂಬ ಬಣ್ಣವೂ ನರಕೋಶ ಹುಟ್ಟಿಸಿದವು! ವಿದ್ವಾಂಸರು ತಲೆಯ ಮೇಲೆ ಕೈಹೊತ್ತರು, ಶೋಧ ಮಂಕಾಯಿತು.

ಕೊನೆಗೆ ದಾರಿ ತೋರಿದ್ದು ಆಫ್ರಿಕದ ಉಗುರುಗಪ್ಪೆ. ಹಿಂದೆ ಆಸ್ಪತ್ರೆಗಳಲ್ಲಿ ಹೆಂಗಸರ ಮೂತ್ರ ಚುಚ್ಚಿ, ಕಪ್ಪೆ ಮೊಟ್ಟೆಯಿಟ್ಟರೆ ಗರ್ಭ ನಿಂತಿದೆ ಎನ್ನುತ್ತಿದ್ದುದು ಇದನ್ನೇ. ಹಾರ್ಮೋನ್ ಚುಚ್ಚಿದರೆ ವರ್ಷವಿಡೀ ಮೊಟ್ಟೆ; ವಸಂತ ಕಾಯಬೇಕಿಲ್ಲ. 1992ರಲ್ಲಿ ಹಾರ್ಲಂಡ್‌ರ ಪ್ರಯೋಗಾಲಯದಲ್ಲಿ ‘ನಾಗಿನ್’ ಎಂಬ ಜೀನ್ ಸಿಕ್ಕಿತು. ಹೆಸರು ಕೇಳಿ ಹಾವನ್ನು ನೆನೆಯಬೇಡಿ. ಇಂಗ್ಲಿಷಿನಲ್ಲಿ ಹಾಗೆಂದರೆ ತಲೆ. 1994ರಲ್ಲಿ ಡಿ ರಾಬರ್ಟಿಸ್‌ರ ಬಳಗಕ್ಕೆ ‘ಕಾರ್ಡಿನ್’ ಸಿಕ್ಕಿತು. ಎರಡೂ ಆ ಮೇಲ್ತುಟಿಯಲ್ಲೇ ಕೆಲಸ ಮಾಡುವವು.

1996ರಲ್ಲಿ ಗುಟ್ಟು ಹೊರಬಿತ್ತು. ಭ್ರೂಣದ ಹೊಟ್ಟೆಯ ಕಡೆಯಿಂದ ಬಿಎಂಪಿ ಎಂಬ ಪ್ರೋಟೀನು ‘ಚರ್ಮವಾಗು, ಚರ್ಮವಾಗು’ ಎಂದು ಕೋಶಗಳಿಗೆ ಸಂಜ್ಞೆ ಕೊಡುತ್ತಿರುತ್ತದೆ. ನಾಗಿನ್ನೂ ಕಾರ್ಡಿನ್ನೂ ಕೋಶದ ಹೊರಗೇ ಅದನ್ನು ಹಿಡಿದು ಬಾಯಿ ಕಟ್ಟುತ್ತವೆ. ಆ ಕೂಗು ಕೇಳದ ಹೊರಪದರದ ಕೋಶಗಳು ತಮ್ಮ ಪಾಡಿಗೆ ನರಗಳಾಗುತ್ತವೆ. ಮಿದುಳಾಗೆಂದು ಅಪ್ಪಣೆ ಕೊಡುವ ದೊರೆಯನ್ನು ಹುಡುಕಿದವರಿಗೆ, ಚರ್ಮವಾಗೆನ್ನುವವನ ಬಾಯಿ ಮುಚ್ಚಿಸುವ ಕಾವಲುಗಾರ ಸಿಕ್ಕಿದ. 2005ರಲ್ಲಿ ಬಿಎಂಪಿಗಳನ್ನೂ ಅವುಗಳ ಜೊತೆಗಾರ ಪ್ರೋಟೀನನ್ನೂ ಒಟ್ಟಿಗೆ ಅಡಗಿಸಿ ನೋಡಿದಾಗ ಕಪ್ಪೆಯ ಭ್ರೂಣದ ಹೊರಪದರವೆಲ್ಲ ನರಕೋಶವೇ ಆಯಿತು.

ಈಗಿನ ಪುಸ್ತಕಗಳಲ್ಲಿ ಅದಕ್ಕೆ ‘ಶ್ಪೇಮಾನ್–ಮಾಂಗೋಲ್ಡ್ ಸಂಘಟಕ’ ಎಂದು ಹೆಸರು. ನನ್ನ ಹಳೆಯ ನೋಟುಬುಕ್ಕಿನಲ್ಲೂ ಎರಡನೆಯ ಹೆಸರನ್ನು ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ.