ಎರೆ ಹೊಲದ ಹಕ್ಕಿ

1953ರಲ್ಲಿ ನಮ್ಮ ಹೊಸಪೇಟೆಯ ಅಣೆಕಟ್ಟು ಮುಗಿದ ಮೇಲೆ ಕಂಪ್ಲಿ, ಸಿರುಗುಪ್ಪಗಳ ಎರೆ ಹೊಲಗಳಿಗೆ ಭತ್ತ ಬಂತು. ನಮ್ಮ ಮನೆಯ ಅನ್ನವೂ ಆ ನೀರಿನದೇ. ಸಿರುಗುಪ್ಪದಲ್ಲಿ ನೀರು ಹತ್ತದ ಕಡೆ ಮಾತ್ರ ದೊರವಾಯನ ಹಕ್ಕಿ ಉಳಿಯಿತು. ಮೀಟರೆತ್ತರದ ಈ ಹಕ್ಕಿಗೆ ಎರೆಭೂತವೆಂದೂ ಹೆಸರು. ಇಡುವುದು ಸಾಮಾನ್ಯವಾಗಿ ಒಂದೇ ಮೊಟ್ಟೆ, ಅದೂ ಬರಿ ನೆಲದ ಮೇಲೆ!

2011ರಲ್ಲಿ ಪ್ರಕಟವಾದ ಅಧ್ಯಯನವೊಂದು ಐದು ರಾಜ್ಯಗಳ 63 ಮಾದರಿಗಳನ್ನು ಪರೀಕ್ಷಿಸಿತು. ತಾಯಿಯಿಂದ ಇಳಿದು ಬರುವ ಡಿಎನ್‌ಎಯಲ್ಲಿ ಕಂಡ ಬಗೆಗಳು ಮೂರೇ. ಅಷ್ಟು ದೂರದೂರದ ಹಕ್ಕಿಗಳೆಲ್ಲ ಕೆಲವೇ ತಾಯಿಬಳ್ಳಿಗಳ ಕುಡಿಗಳು! ಸೋದರಮಾವನಿಗೇ ಹೆಣ್ಣು ಕೊಡುವ ನಮ್ಮ ಸೀಮೆಯವರಿಗೆ ಇದರ ಅಪಾಯವನ್ನು ಬಿಡಿಸಿ ಹೇಳಬೇಕೇ?

2024ರ ಅಕ್ಟೋಬರಿನಲ್ಲಿ ಜೈಸಲ್ಮೇರಿನ ಸಾಕಣೆ ಕೇಂದ್ರದಲ್ಲಿ ಕೃತಕ ಗರ್ಭಧಾರಣೆಯಿಂದ ಮರಿಯೊಂದು ಹುಟ್ಟಿತು. ಅಲ್ಲಿ ಗಂಡುಹೆಣ್ಣು ಕೂಡಿಸುವ ಮುನ್ನ ನೆಂಟಸ್ತಿಕೆ ನೋಡಲು ಈ ವಂಶವಿದ್ಯೆ ಬೇಕು. ಸಿರುಗುಪ್ಪದಲ್ಲಿ ಈಚೆಗೆ ಕಂಡದ್ದು ಬೆರಳೆಣಿಕೆಯ ಹಕ್ಕಿಗಳು. ಅವುಗಳಿಗೆ ಬೇಕಾದದ್ದು ನೀರು ಕಾಣದ ಒಂದಿಷ್ಟು ಎರೆ ನೆಲ.